ಪುರಿಭಟ್ಟಿ ಸಾಕಮ್ಮನ ಉಸಿರು

ಪುರಿಯೂ ಕತೆಯೂ ಗರಿಗರಿಯಾಗಿದ್ದಾಗಲೇ ರುಚಿ, ಹೊತ್ತು ಕಳೆದರೆ ಎರಡೂ ಮೆತ್ತಗಾಗ್ತವೆ. ಹತ್ತಿರ ಬನ್ನಿ, ಕೂತ್ಕೊಳ್ಳಿ.

ಒಂದೂರಿನ ಸಂತೆಬೀದಿಯಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಪುರಿ ಹುರಿಯೋದು ಅವಳ ಕಸುಬು. ಬಾಣಲೆಯಲ್ಲಿ ಮರಳು ಕಾಯಿಸಬೇಕು, ಕಾದ ಮರಳಿಗೆ ಅಕ್ಕಿ ಸುರಿಯಬೇಕು, ಚಟಪಟ ಅಂತ ಅರಳಿದ್ದನ್ನು ಜರಡಿ ಹಿಡಿದು ಚಾಪೆಯ ಮೇಲೆ ರಾಶಿ ಹಾಕಬೇಕು. ಕೋಳಿ ಕೂಗೋ ಹೊತ್ತಿಗೆ ಒಲೆ ಮುಂದೆ ಕೂತರೆ ದೀಪ ಹಚ್ಚೋವರೆಗೂ ಅದೇ ಕೆಲಸ. ತಿಂದರೆ ನಿಂತುಕೊಂಡು ತಿಂದಳು, ಕುಡಿದರೆ ನಡೀತಾ ಕುಡಿದಳು. ಹೊಗೆ ನುಂಗಿ ನುಂಗಿ ಎದೆ ಕಟ್ಟಿಹೋಗಿತ್ತು. ನಾಲ್ಕು ಮಾತಾಡಿದರೆ ಏದುಸಿರು, ಐದನೆಯದಕ್ಕೆ ಸಿಟ್ಟು.

ಅವಳಿಗೊಬ್ಬ ಮಗ, ಮಾಯಿಗ. ವಯಸ್ಸು ಇಪ್ಪತ್ತೆಂಟು. ಮೈ ಕಂಬದಂಥದ್ದು, ಮನಸ್ಸು ಹಾಲಿನಂಥದ್ದು, ಬುದ್ಧಿಯ ಮಾತು ಮಾತ್ರ ಕೇಳಬೇಡಿ! ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ. ಹಸುವಿಗೆ ನೀರು ತೋರಿಸು ಅಂದರೆ ಬಿಂದಿಗೆ ಎತ್ತಿ ದೂರದಿಂದಲೇ ತೋರಿಸಿ, "ನೋಡಿದ್ಯಾ?" ಅಂತ ಹಸುವನ್ನೇ ಕೇಳಿ, ಬಿಂದಿಗೆ ಒಳಗಿಟ್ಟು ಬರೋನು.

ಒಂದು ದಿನ ಸಾಕಮ್ಮ ಒಲೆ ಮುಂದೆಯೇ ಕುಸಿದು ಬಿದ್ದಳು. ಕಣ್ಣು ಬಿಟ್ಟಾಗ ಮಾಯಿಗ ಅಳುತ್ತ ಮೊರದಲ್ಲಿ ಗಾಳಿ ಬೀಸುತ್ತಿದ್ದ. ಸಾಯೋಕೆ ಅವಳಿಗೇನೂ ಭಯವಿರಲಿಲ್ಲ. ಆದರೆ ಆ ಮುಖ ನೋಡಿ ಕರುಳು ಚುರುಕ್ಕೆಂದಿತು. ನಾನು ಕಣ್ಣು ಮುಚ್ಚಿದರೆ ಇವನಿಗೆ ಯಾರು ಅನ್ನ ಇಕ್ಕುತ್ತಾರೆ? ಯಾರು ಬೈಯುತ್ತಾರೆ?

"ಹೋಗ್ಲಾ ಮಾಯಿಗ, ಅಳಸಿಂಗ ಪಂಡಿತರ ತಾವ ಹೋಗಿ, ಅವ್ವಂಗೆ ಉಸಿರು ಸಾಲ್ತಾ ಇಲ್ಲ ಅಂತ ಹೇಳಿ ಔಷ್ದಿ ತಗಂಬಾ."

ಪಂಡಿತರು ಚೂರ್ಣದ ಪೊಟ್ಟಣ ಕೊಟ್ಟರು. "ಔಷಧಿ ಅರ್ಧ ಕೆಲಸ ಮಾಡುತ್ತಪ್ಪ, ಇನ್ನರ್ಧ ನಿಮ್ಮವ್ವನೇ ಮಾಡ್ಬೇಕು. ಬೆಳಗ್ಗೆ ಬೆನ್ನು ನೆಟ್ಟಗೆ ಮಾಡಿ ಕೂತು ಕಣ್ಣು ಮುಚ್ಚಬೇಕು. ನಾಲ್ಕು ಎಣಿಸೋವಷ್ಟು ಹೊತ್ತು ಉಸಿರು ಒಳಕ್ಕೆ, ಎಂಟು ಎಣಿಸೋವಷ್ಟು ಹೊತ್ತು ಹೊರಕ್ಕೆ. ಮನಸ್ಸೆಲ್ಲ ಉಸಿರಿನ ಮೇಲೇ ಇರ್ಬೇಕು, ಏನೇ ಆದರೂ ಕಣ್ಣು ಬಿಡಬಾರದು. ಹೋಗು, ಅವ್ವನ ಮುಂದೆ ಕೂತು ಮಾಡಿ ತೋರಿಸು."

ಮಾಯಿಗ ಬಂದ. ಅವ್ವನ ಮುಂದೆ ಕೂತ. ಅವ್ವ ಎಲ್ಲಿದ್ದಳು? ಪುರಿ ರಾಶಿಯ ಆ ಕಡೆ! ಇವನು ಈ ಕಡೆ ಬೆನ್ನು ನೆಟ್ಟಗೆ ಮಾಡಿದ, ಕಣ್ಣು ಮುಚ್ಚಿದ, ನಾಲ್ಕು ಎಣಿಸಿ ಎದೆ ತುಂಬಿಸಿಕೊಂಡ. ಆಮೇಲೆ ಬಿಟ್ಟ ನೋಡಿ, ಭುಸ್ಸ್! ಬೆಳಗಿನಿಂದ ಹುರಿದ ಪುರಿಯೆಲ್ಲ ಎದ್ದು ಸಂತೆಬೀದಿಗೆ ಹೊರಟಿತು. ಬೀದಿಯ ಕೋಳಿಗಳಿಗೆಲ್ಲ ಅವತ್ತು ಹಬ್ಬ.

"ಕಣ್ಣು ಬಿಡ್ಲಾ! ಪುರಿ ಹೋಯ್ತು ಕಣ್ಲಾ!"

ಬಿಡಲಿಲ್ಲ. ಎಂಟು ಬೆರಳು ಮಡಿಸಿಯೇ ಕಣ್ಣು ಬಿಟ್ಟ.

"ಅಯ್ಯೋ ನನ್ ಕರ್ಮವೇ! ಪುರಿ ಮುಂದೆ ಯಾರಾದ್ರೂ ಹಂಗೆ ಉಸಿರು ಬಿಡ್ತಾರೇನ್ಲಾ? ಎಳ್ಕೊಂಡ ಉಸಿರನ್ನ ಕೆರೆ ಏರಿ ಮೇಲೆ ಹೋಗಿ ಬಿಡ್ಬಾರ್ದಾಗಿತ್ತಾ!"

"ಆಯ್ತು ಕಣವ್ವ."

ಮಾರನೇ ದಿನ ಮಾಯಿಗ ಭಟ್ಟಿಯಲ್ಲಿ ಕೂತು ನಾಲ್ಕು ಎಣಿಸಿ ಉಸಿರೆಳೆದ. ಕೆನ್ನೆ ಉಬ್ಬಿಸಿ, ಬಾಯಿ ಬಿಗಿದು, ಎದ್ದು ಓಡಿದ. ಸಂತೆಬೀದಿ ದಾಟಿ, ಗದ್ದೆ ಬದು ದಾಟಿ, ಕೆರೆ ಏರಿ ಹತ್ತಿ, ಭುಸ್ಸ್! ಮತ್ತೆ ಭಟ್ಟಿಗೆ ಓಡಿ ಬಂದ. ಮತ್ತೆ ಎಳೆದ, ಮತ್ತೆ ಓಡಿದ. "ಯಾಕ್ಲಾ ಮಾಯಿಗ, ಏನಾಯ್ತ್ಲಾ?" ಅಂತ ಜನ ಕೇಳಿದರು. ಬಾಯಿ ತೆರೆದರೆ ಉಸಿರು ದಾರಿಯಲ್ಲೇ ಹೋಗಿಬಿಡುತ್ತಲ್ಲ, ಹೇಗೆ ಹೇಳಿಯಾನು? ಹೆಜ್ಜೇನು ಎದ್ದಿದೆಯೋ ಏನೋ ಅಂತ ಇಬ್ಬರು ಅವನ ಹಿಂದೆ ಓಡಿದರು. ಅವರನ್ನು ನೋಡಿ ಇನ್ನು ಮೂವರು ಓಡಿದರು. ಪೆದ್ದ ಒಬ್ಬನೇ ಅಂತ ನಾವಂದ್ಕೊಂಡಿರ್ತೀವಿ, ಊರು ಓಡೋಕೆ ಶುರುವಾದಾಗಲೇ ಲೆಕ್ಕ ಗೊತ್ತಾಗೋದು.

ಸಾಕಮ್ಮ ಸೀರೆ ಎತ್ತಿ ಸಿಕ್ಕಿಸಿ ಅವಳೂ ಹೊರಟಳು. ನಾಲ್ಕು ಕಡೆ ನಿಂತಳು, ನಾಲ್ಕು ಕಡೆ ಬೈದಳು, ಕೊನೆಗೆ ಏರಿ ಮೇಲಿನ ಹೊಂಗೆ ಮರದ ಕೆಳಗೆ ದೊಪ್ಪನೆ ಕೂತಳು. ಕೂತವಳಿಗೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಹೊಗೆಯಿಲ್ಲದ ಗಾಳಿ! ಒಂದು ಸಲ ಎಳೆದಳು, ಎದೆಯ ತಳದವರೆಗೂ ಹೋಯಿತು. ಊರ ಕೆರೆಯಲ್ಲಿ ಇಷ್ಟೊಂದು ತಾವರೆ ಯಾವಾಗ ಬಂತು? ಭಟ್ಟಿ ಬಿಟ್ಟು ಇಲ್ಲಿಗೆ ಬಾರದೆ ಹನ್ನೊಂದು ವರ್ಷವಾಗಿತ್ತು. ಅಷ್ಟರಲ್ಲಿ ಮಗ ಮತ್ತೆ ಕೆನ್ನೆ ಉಬ್ಬಿಸಿಕೊಂಡು ಬಂದ. ಅವಳಿಗೆ ಸಿಟ್ಟು ನೆನಪಾಯಿತು.

"ಭಟ್ಟಿ ಬಿಟ್ಟು, ನನ್ ಬಿಟ್ಟು ಒಬ್ನೇ ಓಡ್ತೀಯಲ್ಲ, ನಾಚ್ಕೆ ಆಗಲ್ವೇನ್ಲಾ? ನಾಳೆ ಬರೋದಾದ್ರೆ ನನ್ನೂ ಕರ್ಕೊಂಡು ಬಾ!"

"ಆಯ್ತು ಕಣವ್ವ."

ಮಾರನೇ ದಿನ ನಸುಕಿನಲ್ಲಿ ಮಾಯಿಗ ಎದ್ದ. ಅವ್ವ ಮಲಗಿದ್ದಳು. ಎಬ್ಬಿಸು ಅಂತ ಯಾರೂ ಹೇಳಿರಲಿಲ್ಲ, ಕರ್ಕೊಂಡು ಬಾ ಅಂತ ಹೇಳಿದ್ದಳು. ಚಾಪೆ ಸಮೇತ ಸುತ್ತಿ ಹೆಗಲಿಗೇರಿಸಿ ನಡೆದೇಬಿಟ್ಟ! ಸಾಕಮ್ಮನಿಗೆ ಕನಸಿನಲ್ಲಿ ಉಯ್ಯಾಲೆ ತೂಗಿದ ಹಾಗಾಯಿತು. ಕಣ್ಣು ಬಿಟ್ಟರೆ ಮೇಲೆ ಆಕಾಶ, ಕಾಲ ಬಳಿ ಒಂದು ಕೊಕ್ಕರೆ, ಪಕ್ಕದಲ್ಲಿ ಮಡಿವಾಳರ ಸಿದ್ದಯ್ಯ ಬಟ್ಟೆ ಗಂಟು ಇಳಿಸಿಕೊಂಡು ನಿಂತಿದ್ದ.

"ಏನ್ಲಾ ಮಾಯಿಗ, ನಿಮ್ಮವ್ವನ್ನ ಒಗೆಯಕ್ಕೆ ತಂದ್ಯಾ?" ಅಂದ ಸಿದ್ದಯ್ಯ.

ಸಾಕಮ್ಮ ಚಾಪೆಯೊಳಗಿಂದಲೇ ಕೂಗಿದಳು: "ಮಲಗಿರೋರ್ನ ಹಿಂಗ್ ಹೊತ್ಕೊಂಡು ಬರ್ತಾರೇನ್ಲಾ? ಮಲಗಿರೋರ್ನ ಕಂಡ್ರೆ ಮೊದ್ಲು ಎಬ್ಬಿಸ್ಬೇಕು, ಆಮೇಲೆ ನಡೆಸ್ಬೇಕು!"

"ಆಯ್ತು ಕಣವ್ವ."

ಅವತ್ತಿಂದ ದಿನಾ ಬೆಳಗ್ಗೆ ಎಬ್ಬಿಸಿದ, ಕೈ ಹಿಡಿದು ನಡೆಸಿದ. ಮಳೆಯಿರಲಿ, ಚಳಿಯಿರಲಿ, "ಇವತ್ತೊಂದಿನ ಬಿಡ್ಲಾ" ಅಂದರೂ ಬಿಡಲಿಲ್ಲ. ಹೊಂಗೆ ಮರದ ಕೆಳಗೆ ಇಬ್ಬರೂ ಎದುರುಬದುರು ಕೂತು ನಾಲ್ಕು ಎಣಿಸಿ ಒಳಕ್ಕೆ, ಎಂಟು ಎಣಿಸಿ ಹೊರಕ್ಕೆ. ತಿಂಗಳಾಗೋ ಹೊತ್ತಿಗೆ ಸಾಕಮ್ಮ ಎಲ್ಲೂ ನಿಲ್ಲದೆ ಏರಿ ಹತ್ತುವಂತಾದಳು. ಪಂಡಿತರಿಗೆ ಸುದ್ದಿ ತಿಳಿಸಿ ಬಾ ಅಂತ ಮಗನನ್ನು ಕಳಿಸಿದಳು.

ದಾರಿಬದಿಯ ಜಗಲಿಯಲ್ಲಿ, ಆ ಮನೆಯ ರತ್ನಮ್ಮ ಅರ್ಧ ದಿನ ಜೋಗುಳ ಹಾಡಿ ಮಲಗಿಸಿದ್ದ ಕೂಸು ಕಂಡಿತು. ಎಬ್ಬಿಸಿದ! ಅದಕ್ಕಿನ್ನೂ ನಡೆಯೋಕೆ ಬಾರದು, ಆದರೂ ಎರಡೂ ಕೈ ಹಿಡಿದು ನಡೆಸಿದ! ರತ್ನಮ್ಮ ಪೊರಕೆ ತರೋದರೊಳಗೆ ಪಂಡಿತರ ಮನೆ ಸೇರಿದ. ಅವರು ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಗಿದ್ದರು. "ಏಳಿ ಸ್ವಾಮಿ! ನಡೀರಿ ಸ್ವಾಮಿ!" ಅಂತ ಕೈ ಹಿಡಿದು ಅಂಗಳದಲ್ಲಿ ಮೂರು ಸುತ್ತು ಹಾಕಿಸಿದ. ಪಂಡಿತರ ಮುಖ ಕೆಂಡವಾಯಿತು. ಬಾಯಿವರೆಗೂ ಬಂದ ಬೈಗಳನ್ನು ತಡೆದು, ಕಣ್ಣು ಮುಚ್ಚಿ, ಎಂಟು ಎಣಿಸಿ ಉಸಿರು ಬಿಟ್ಟರು. ಊರಿಗೆಲ್ಲ ಹೇಳೋ ವಿದ್ಯೆ ತಮಗೇ ಬೇಕಾಗಿ ಬಂತು, ಪಾಪ. ಸಾಕಮ್ಮ ಏರಿ ಹತ್ತೋ ಸುದ್ದಿ ಕೇಳಿದ ಮೇಲೆ ಸಮಾಧಾನವಾಗಿ ಕೇಳಿದರು:

"ನಿಮ್ಮವ್ವ ಊಟ ಹೇಗೆ ಮಾಡ್ತಾಳೆ?"

"ನಿಂತ್ಕೊಂಡು ಸ್ವಾಮಿ, ಗಬಗಬ ಅಂತ."

"ಹಾಗಾಗಬಾರದು. ಇನ್ನು ಮೇಲೆ ಇಬ್ಬರೂ ಜೊತೇಲಿ ಕೂತು ಉಣ್ಣಿ. ಬಾಯಿಗಿಟ್ಟಿದ್ದನ್ನು ಮೂವತ್ತೆರಡು ಸಲ ಅಗೀಬೇಕು. ಮಧ್ಯ ಎದ್ದರೆ ಬಿಡಬೇಡ."

ಆ ವಾರವೇ ಊರ ಯಜಮಾನ ಪುಟ್ಟಮಾದಪ್ಪನ ಮನೆಯಲ್ಲಿ ನಾಮಕರಣದ ಊಟ. ಮುದ್ದೆ, ಅವರೆಕಾಳು ಸಾರು, ಅನ್ನ, ಮಜ್ಜಿಗೆ. ಸಾಲಿನಲ್ಲಿ ಅರವತ್ತು ಎಲೆ. ಕೊನೆಯವನು ಉಂಡು ಮುಗಿಸೋವರೆಗೆ ಸಾಲಿನಿಂದ ಯಾರೂ ಏಳಬಾರದು, ಅದು ನಮ್ಮ ಕಡೆ ಪದ್ಧತಿ. ಮುದ್ದೆಯನ್ನು ಸಾರಿಗೆ ಅದ್ದಿ ನುಂಗಬೇಕು, ಅಗಿಯಬಾರದು, ಅದೂ ಪದ್ಧತಿ. ನಮ್ಮ ಮಾಯಿಗ ಮುದ್ದೆ ಅಗಿದ! ಒಂದು, ಎರಡು, ಮೂರು. ಹಲ್ಲಿಗೆ ಹಲ್ಲು ಅಂಟಿತು, ಬಿಡಿಸಿಕೊಂಡು ಮತ್ತೆ ಅಗಿದ. ಐವತ್ತೆಂಟು ಜನ ಉಂಡು, ಕೈ ಒಣಗಿಸಿಕೊಂಡು ಅವನ ಬಾಯನ್ನೇ ನೋಡುತ್ತ ಕೂತರು. ಎರಡನೇ ಸಾಲಿನವರು ಹಸಿದು ಬೆನ್ನ ಹಿಂದೆ ನಿಂತರು.

"ನುಂಗ್ಲಾ!" ಅಂದರು ಇವರು. "ನುಂಗಪ್ಪಾ!" ಅಂದರು ಅವರು. "ನಿನ್ ಕಾಲಿಗೆ ಬೀಳ್ತೀನಿ, ನುಂಗೋ ಮಾರಾಯ!" ಅಂದ ಪುಟ್ಟಮಾದಪ್ಪ.

ಮಾಯಿಗ ಬೆರಳು ಮಡಿಸುತ್ತ ಅಗಿಯುತ್ತಿದ್ದ. ಸಾಕಮ್ಮ ನಾಚಿಕೆಯಿಂದ ಏಳಲು ಹೋದಳು, ಅವಳ ಸೆರಗು ಹಿಡಿದು ಕೂರಿಸಿದ. ಕೊನೆಗೆ ಮಜ್ಜಿಗೆ ಬಂತು. ಮಜ್ಜಿಗೆಯನ್ನೂ ಮೂವತ್ತೆರಡು ಸಲ ಅಗಿದ!

"ಮಜ್ಜಿಗೆ ಅಗೀತಾರೇನ್ಲಾ, ಮಂಕೇ! ನನ್ ಮಾನ ಹರಾಜು ಹಾಕ್ದಲ್ಲೋ!" ಅಂತ ಮನೆಯವರೆಗೂ ಬೈದಳು.

ಬೈದಳು, ನಿಜ. ಆದರೆ ಆ ಮುಕ್ಕಾಲು ಗಂಟೆ ಅವಳೂ ಕೂತಿದ್ದಳಲ್ಲ? ಬೇರೆ ಕೆಲಸವಿಲ್ಲದೆ ಅವಳೂ ಮೆಲ್ಲಗೆ ಉಂಡಿದ್ದಳು. ಅವರೆಕಾಳಿನ ಸೊಗಡು ನಾಲಿಗೆಗೆ ತಿಳಿದು ಎಷ್ಟು ಕಾಲವಾಗಿತ್ತೋ! ಊಟವಾದ ಮೇಲೆ ಎದೆಯುರಿ ಇಲ್ಲ, ಹುಳಿತೇಗು ಇಲ್ಲ. ಅವತ್ತು ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ನಿದ್ದೆ ಹತ್ತಿತು.

ಹೀಗೇ ನಾಲ್ಕು ತಿಂಗಳು. ಭಟ್ಟಿಯ ಹೊಗೆ ಹೋಗಲಿ ಅಂತ ಗೋಡೆಗೊಂದು ದೊಡ್ಡ ಕಿಂಡಿ ತೆಗೆಸಿದಳು. ಮಧ್ಯಾಹ್ನ ಒಲೆ ಆರಿಸಿ ಕೂತು ಉಂಡಳು. ಒಂದು ಬೆಳಗ್ಗೆ ಏರಿ ಮೇಲೆ ಕೂತಿದ್ದಾಗ ಅವಳ ಕಣ್ಣು ತುಂಬಿ ಬಂತು. ಬೈಗಳಲ್ಲದ ಮಾತು ಮಗನಿಗೆ ಆಡಿ ಅಭ್ಯಾಸವಿರಲಿಲ್ಲ, ಆದರೂ ಆಡಿದಳು.

"ಮಾಯಿಗ, ಈ ಜೀವ ಪಂಡಿತರು ಉಳಿಸಿದ್ದು ಕಣ್ಲಾ. ನನ್ ಒಂದೊಂದು ಉಸಿರಿಗೂ ಅವ್ರಿಗೆ ಒಂದೊಂದ್ಸಲ ಕೈ ಮುಗೀಬೇಕು."

ನೀನೂ ಉಳಿಸಿದೆ ಮಗನೇ, ಅನ್ನಬೇಕು ಅಂತಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಷ್ಟಕ್ಕೇ ನಿಲ್ಲಿಸಿದಳು. ಅಲ್ಲೇ ತಪ್ಪಾಯಿತು ನೋಡಿ!

"ಆಯ್ತು ಕಣವ್ವ," ಅಂದ ಮಾಯಿಗ. ಅಂದವನೇ ಪಂಡಿತರ ಮನೆಗೆ ಓಡಿದ.

"ಸ್ವಾಮಿ! ಬೇಗ ಬನ್ನಿ ಸ್ವಾಮಿ! ಅವ್ವನ ಉಸಿರು ಎಣಿಸ್ಬೇಕು!"

ಪಂಡಿತರು ಧಡಕ್ಕನೆ ಎದ್ದರು. ಔಷಧಿ ಚೀಲ ಬಗಲಿಗೆ ಹಾಕಿಕೊಂಡು, ಮೇಲುಹೊದಿಕೆ ಜಾರಿದ್ದೂ ತಿಳಿಯದೆ ಓಡಿದರು. ದಾರಿಯುದ್ದಕ್ಕೂ "ಸಾಕಮ್ಮನಿಗೆ ಕಡೇ ಉಸಿರಂತೆ!" ಅಂತ ಗುಲ್ಲು. ರತ್ನಮ್ಮ ಕೂಸು ಎತ್ತಿಕೊಂಡು ಬಂದಳು, ಪುಟ್ಟಮಾದಪ್ಪ ಬಂದ, ಸಿದ್ದಯ್ಯ ಬಂದ, ನಾಲ್ಕು ಮುದುಕಿಯರು ಅರ್ಧ ದಾರಿಯಲ್ಲೇ ಅಳೋಕೆ ಶುರುಮಾಡಿದರು.

ಭಟ್ಟಿಗೆ ಬಂದು ನೋಡಿದರೆ ಸಾಕಮ್ಮ ಗುಂಡುಕಲ್ಲಿನ ಹಾಗೆ ಕೂತು ಪುರಿ ಜರಡಿ ಹಿಡೀತಿದ್ದಾಳೆ!

"ಏನ್ ಸ್ವಾಮಿ, ನೀವೇ ಬಂದ್ಬಿಟ್ರಿ? ಯಾರ್ ಹೋದ್ರು?"

ಮಾಯಿಗ ಒಳಗಿಂದ ಮಣೆ ತಂದ. ಪಂಡಿತರನ್ನು ಮಣೆ ಮೇಲೆ ಕೂರಿಸಿದ. ಇಬ್ಬರ ಮಧ್ಯೆ ತಾನು ಕುಕ್ಕರುಗಾಲಲ್ಲಿ ಕೂತ. ಅವ್ವನ ಮೂಗನ್ನೇ ನೆಟ್ಟ ಕಣ್ಣಿನಿಂದ ನೋಡಿದ. ಅವಳ ಉಸಿರು ಒಂದು ಸಲ ಬಂದು ಹೋಯಿತು, ಪಂಡಿತರ ಕಡೆ ತಿರುಗಿ ಕೈ ಮುಗಿದ. ಮತ್ತೆ ಅವ್ವನ ಕಡೆ, ಮತ್ತೆ ಪಂಡಿತರ ಕಡೆ. ಕೈ ಮುಗಿದವರಿಗೆ ತಿರುಗಿ ಕೈ ಮುಗಿಯದಿದ್ದರೆ ಮರ್ಯಾದೆಯೇ? ಪಂಡಿತರೂ ಮುಗಿದರು. ಹತ್ತಾಯಿತು, ಇಪ್ಪತ್ತಾಯಿತು, ಐವತ್ತಾಯಿತು. ಪಂಡಿತರ ತೋಳು ನಡುಗಿತು, ಮೈಯೆಲ್ಲ ಬೆವರಿತು.

"ಅಮ್ಮಾ, ಇದೇನಮ್ಮಾ ಇದು?" ಅಂದರು.

"ಅವ್ವನೇ ಹೇಳಿದ್ದು ಸ್ವಾಮಿ, ಒಂದೊಂದು ಉಸಿರಿಗೂ ಒಂದೊಂದ್ಸಲ ಅಂತ. ಒಂದೂ ತಪ್ಪಬಾರದು," ಅಂದ ಮಾಯಿಗ.

ಸಾಕಮ್ಮ ಬೈಯೋಕೆ ಬಾಯಿ ತೆರೆದಳು. "ಅಯ್ಯೋ ನನ್..." ಅಂದವಳು ಮಗನ ಮುಖ ನೋಡಿದಳು. ಇವನನ್ನು ನಾನು ಸಾಕ್ತಿದೀನಿ ಅಂದ್ಕೊಂಡಿದ್ದೆ, ನನ್ನ ಉಸಿರು ಒಂದೂ ತಪ್ಪಬಾರದು ಅಂತ ಕಾಯ್ತಾ ಕೂತಿರೋನು ಇವನು! ಇಂಥ ಮಗನನ್ನು ಕೊಟ್ಟ ದೇವರು ತಣ್ಣಗಿರಲಿ, ಅಂದುಕೊಂಡಳು. ಅವನ ತಲೆ ಮೇಲೆ ಕೈಯಿಟ್ಟಳು. ಎದುರಿಗೆ ಕೈ ಮುಗಿದು ಮುಗಿದು ಸುಸ್ತಾದ ಪಂಡಿತರು ಕಂಡರು, ಅಳೋದೋ ಬಿಡೋದೋ ಗೊತ್ತಾಗದೆ ನಿಂತ ಮುದುಕಿಯರು ಕಂಡರು. ನಗು ಹೊಟ್ಟೆಯ ಬುಡದಿಂದ ಎದ್ದು ಬಂತು. ಕೆಮ್ಮಿಲ್ಲ, ಏದುಸಿರಿಲ್ಲ. ಎದೆ ತುಂಬಾ ಉಸಿರೆಳೆದು ಎಳೆದು ನಕ್ಕಳು. ಬೀದಿಗೆ ಬೀದಿಯೇ ನಕ್ಕಿತು.

ಮಾಯಿಗ ಮಾತ್ರ ನಗಲಿಲ್ಲ. ಅವ್ವನ ಕಡೆ ಒಮ್ಮೆ, ಪಂಡಿತರ ಕಡೆ ಒಮ್ಮೆ, ಕತ್ತು ತಿರುಗಿಸಿ ತಿರುಗಿಸಿ, ಪಟಪಟ ಕೈ ಮುಗಿದೂ ಮುಗಿದೂ ಕೊನೆಗೆ ಅಳುಮುಖ ಮಾಡಿ ಕೂಗಿದ:

"ಅವ್ವಾ! ಮೆಲ್ಲಗೆ ಕಣವ್ವಾ! ನನ್ ಎರಡು ಕೈ ಸಾಲ್ತಾ ಇಲ್ಲ!"