ಕೂಸಿನ ಪಕ್ಕದ ಚುಕ್ಕೆ

"ಗುರುಗಳೇ, ಈಚೆಗೆ ಯಾರನ್ನು ನೋಡಿದರೂ ನನಗೆ ಒಂದೇ ಕೊರತೆ ಕಾಣುತ್ತದೆ. ಯಾರಲ್ಲೂ ಭಕ್ತಿಯಿಲ್ಲ. ಮೊದಲು ಹೀಗೆ ಕಾಣುತ್ತಿರಲಿಲ್ಲ. ನನ್ನ ದೃಷ್ಟಿ ಸೂಕ್ಷ್ಮವಾಗುತ್ತಿದೆಯೇ?" ಎಂದು ಶಿಷ್ಯ ಕೇಳಿದ.

"ಆಗುತ್ತಿರಬಹುದು. ಕುಳಿತುಕೋ," ಎಂದು ಗುರುಗಳು ಹೇಳತೊಡಗಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ತಂತ್ರಜ್ಞನಿದ್ದ. ಎಕ್ಸ್‌ರೇ ಯಂತ್ರ ಅವನ ಪಾಲಿನದು. ಆ ಯಂತ್ರದೊಳಗೆ ಒಂದು ಪರದೆ. ರೋಗಿಯ ಎದೆಯನ್ನು ದಾಟಿ ಬಂದ ಕಿರಣ ಬಿದ್ದರೆ ಪರದೆ ಬೆಳಗುತ್ತದೆ. ಆ ಬೆಳಕನ್ನು ಕ್ಯಾಮೆರಾ ಹಿಡಿದು ಚಿತ್ರ ಮಾಡುತ್ತದೆ. ಹಳೆಯ ಕ್ಯಾಮೆರಾದ ಚಿತ್ರ ಬರೀ ಮಂಕು. ವೈದ್ಯರು ಕಣ್ಣು ಕಿರಿದು ಮಾಡಿಕೊಂಡು ನೋಡುವುದನ್ನು ಕಂಡು ತಂತ್ರಜ್ಞನಿಗೆ ಸಂಕಟವಾಗುತ್ತಿತ್ತು. ಅವರಿವರನ್ನು ಕಾಡಿ ಬೇಡಿ ಹೊಸ ಕ್ಯಾಮೆರಾ ತರಿಸಿದ. ತಾನೇ ಕೂಡಿಸಿದ. ಅದನ್ನು ಸರಿಹೊಂದಿಸುವ ಭರದಲ್ಲಿ ಊಟ ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಿದ್ದ. ಆ ವಾರವೇ ಆಯುಧಪೂಜೆ ಬಂತು. ಮನೆಯ ಬೈಕನ್ನು ಮರೆತ, ಯಂತ್ರವನ್ನು ಮರೆಯಲಿಲ್ಲ. ಮನಸಾರೆ ಪೂಜೆ ಮಾಡಿದ.

ಹಬ್ಬ ಕಳೆದ ಮೇಲೆ ಚಿತ್ರಗಳು ಕನ್ನಡಿಯಷ್ಟು ಸ್ಪಷ್ಟವಾಗಿ ಬಂದವು. ಒಬ್ಬರ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಚುಕ್ಕೆ. ಮತ್ತೊಬ್ಬರಲ್ಲೂ ಅದೇ. ಕ್ಷಯ ಹೆಚ್ಚಾಗಿ ಹಿಡಿಯುವುದೇ ಅಲ್ಲಿ, ಆದ್ದರಿಂದ ವೈದ್ಯರಿಗೆ ಯಂತ್ರದ ಮೇಲೆ ಅನುಮಾನ ಬರಲಿಲ್ಲ. "ಮೊದಲು ಕಾಣದ ರೋಗ ಈಗ ಕಾಣುತ್ತಿದೆ. ಎಲ್ಲ ನಿಮ್ಮ ಕ್ಯಾಮೆರಾದ ಪುಣ್ಯ," ಎಂದರು. ತಂತ್ರಜ್ಞನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹುಲಿಗೆಮ್ಮ ಎಂಬ ಬಾಣಂತಿಯ ಎದೆಯಲ್ಲೂ ಚುಕ್ಕೆ ಕಂಡಿತು. ಕಫದ ಪರೀಕ್ಷೆ ಮುಗಿಯುವವರೆಗೆ ಕೂಸನ್ನು ದೂರ ಇಡು ಎಂದರು. ಕೂಸು ಅತ್ತೆಯ ಮಗ್ಗುಲಿಗೆ ಹೋಯಿತು. ಬಾಟಲಿ ಹಾಲು ಅದಕ್ಕೆ ಸೇರಲಿಲ್ಲ, ಸೊರಗಿತು, ಕೆಮ್ಮು ಹತ್ತಿತು. ಅದರ ಚಿತ್ರವನ್ನೂ ತೆಗೆಯಬೇಕಾಯಿತು.

"ಸಾಹೇಬ್ರ, ನನ್ನ ಕೂಸಿಗೂ ಇದು ಹತ್ತೇತೇನ್ರಿ?" ಎಂದು ಅವಳು ಬಾಗಿಲಾಚೆಯಿಂದಲೇ ಕೇಳಿದಳು. ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ.

ತಂತ್ರಜ್ಞ ಚಿತ್ರ ನೋಡಿದ. ಚುಕ್ಕೆ ಇತ್ತು. ಆದರೆ ಕೂಸಿನ ಎದೆ ಅಂಗೈಯಗಲ. ಚುಕ್ಕೆ ಕೂಸಿನ ಮೈಯಲ್ಲಿರಲಿಲ್ಲ, ಪಕ್ಕದ ಖಾಲಿ ಜಾಗದಲ್ಲಿತ್ತು.

ಯಂತ್ರದ ಎದುರು ಯಾರನ್ನೂ ನಿಲ್ಲಿಸದೆ ಇನ್ನೊಂದು ಚಿತ್ರ ತೆಗೆದ. ಯಾರೂ ಇಲ್ಲದ ಚಿತ್ರದಲ್ಲೂ ಚುಕ್ಕೆ ಅಲ್ಲೇ ಕುಳಿತಿತ್ತು. ಯಂತ್ರವನ್ನು ಬಿಚ್ಚಿದ. ಕ್ಯಾಮೆರಾ ನೋಡುವ ಆ ಪರದೆಯ ಮೇಲೆ ಒಂದು ಕುಂಕುಮದ ಬೊಟ್ಟು. ಹಬ್ಬದ ದಿನ ಅವನೇ ಕೈಯಾರೆ ಇಟ್ಟದ್ದು. ಹೊರಗಿನ ಕವಚಕ್ಕೆ ಎಲ್ಲರೂ ಇಡುತ್ತಾರೆ, ಒಳಗಿನದಕ್ಕೂ ಸಲ್ಲಲಿ ಎಂದು ಇಟ್ಟಿದ್ದ. ಬೆಳಕು ಬಾರದ ಜಾಗ ಎಕ್ಸ್‌ರೇ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಬೊಟ್ಟು ಬೆಳಕನ್ನು ತಡೆದಿತ್ತು, ಅಷ್ಟೇ.

ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸಿದ. ಅವಳನ್ನು ಒಳಗೆ ಕರೆದು ಮತ್ತೊಂದು ಚಿತ್ರ ತೆಗೆದ. ಎದೆ ಶುಭ್ರವಾಗಿತ್ತು. "ತಪ್ಪು ನಂದೇ ತಾಯಿ. ಕೂಸನ್ನು ತಗೊಳ್ರಿ," ಎಂದ. ಅವಳು ಅವನನ್ನು ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಹಾಲು ಇಳಿಯಲು ಬಹಳ ಹೊತ್ತಾಯಿತು. ಕೂಸು ಬಿಡಲಿಲ್ಲ. ಚುಕ್ಕೆ ಕಂಡ ಉಳಿದವರ ಮನೆಗಳಿಗೆ ತಂತ್ರಜ್ಞ ಅಂದೇ ಹೊರಟ.

ಗುರುಗಳು ಕಥೆ ಮುಗಿಸಿದರು. ಶಿಷ್ಯನ ಮನಸ್ಸು ಕರಗಿತ್ತು.

"ಪಾಪ, ಅವನು ಯಾರಿಗೂ ಕೆಟ್ಟದ್ದು ಬಯಸಿದವನಲ್ಲ," ಎಂದ.

"ಅಲ್ಲವೇ ಅಲ್ಲ. ನಿನ್ನಷ್ಟೇ ಒಳ್ಳೆಯವನು," ಎಂದು ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು:

"ನಿನಗೆ ಇದು ಕಾಣತೊಡಗಿದ್ದು ಯಾವ ಪೂಜೆಯ ಮಾರನೆಯ ದಿನದಿಂದ?"