ಸೌಟಿನ ಚಾವಡಿ

ನವಲಗಟ್ಟಿ ಪೇಟೆಯ ಏಳು ಬೀದಿಗಳು ಕೂಡುವಲ್ಲಿ ಹಳೆಯ ಚಾವಡಿಯೊಂದಿದೆ. ಈಗ ಅದು ಪುರಸಭೆಯ ಕಚೇರಿ. ಒಳಗೆ ಕಬ್ಬಿಣದ ಕಪಾಟುಗಳೂ ಗರಗರ ತಿರುಗುವ ಫ್ಯಾನುಗಳೂ ಇವೆ. ಬಾಗಿಲ ಮೇಲಿನ ಫಲಕದಲ್ಲಿ ಪುರಸಭೆಯ ಹೆಸರಿದ್ದರೂ ಬಸ್ಸಿಳಿದು ದಾರಿ ಕೇಳುವವರಿಗೆ ಊರವರು ಹೇಳುವುದು ಸೌಟಿನ ಚಾವಡಿ ಎಂದೇ. ನ್ಯಾಯ ತೀರ್ಮಾನವಾಗುತ್ತಿದ್ದ ಸ್ಥಳಕ್ಕೆ ಅಡಿಗೆಮನೆಯ ಹೆಸರೇಕೆ ಎಂದು ಕೇಳಿದರೆ ಹಿರಿಯರು ನಕ್ಕು, ಕಟ್ಟೆಯ ಮೇಲೆ ಕೂರಿಸಿಕೊಂಡು ಈ ಸಂಗತಿ ಹೇಳುತ್ತಾರೆ. ನಾನು ಕೇಳಿದ್ದೂ ಹಾಗೆಯೇ.

ಹಿಂದೊಮ್ಮೆ ಈ ಪೇಟೆಯನ್ನು ರಾಚಪ್ಪ ದೇಸಾಯಿ ಎಂಬುವನು ಆಳುತ್ತಿದ್ದ. ಕೆಟ್ಟವನಲ್ಲ, ಆದರೆ ಊರಿನ ಏಳು ಬೀದಿಗಳಲ್ಲಿ ಅವನು ಕುದುರೆ ಏರದೆ ನಡೆದದ್ದನ್ನು ಕಂಡವರಿರಲಿಲ್ಲ. ಅವನು ಹೊಸ ಚಾವಡಿ ಕಟ್ಟಿಸಿ ಗೋಡೆಗೆ ಗಚ್ಚು ಬಳಿಸಿದ ವರ್ಷವೇ ದೊರೆಯ ಕರೆ ಬಂದು ದಂಡಿನೊಡನೆ ಹೊರಡಬೇಕಾಯಿತು. ಹೊರಡುವ ಮುನ್ನ ಚಾವಡಿಯ ಉಸ್ತುವಾರಿಯನ್ನು ತನ್ನ ಕಾರಭಾರಿಗೆ ಒಪ್ಪಿಸಿ, ಹುಲಿಗೆಪ್ಪನೆಂಬ ಚಿತ್ರಗಾರನನ್ನು ಕರೆಸಿ, ತಾನು ಮರಳುವಷ್ಟರಲ್ಲಿ ಪೇಟೆಯ ದೊಡ್ಡಸ್ತಿಕೆ ಗೋಡೆಯ ತುಂಬ ಕಾಣಬೇಕೆಂದು ಅಪ್ಪಣೆ ಕೊಟ್ಟ. ವಾಸ ಚಾವಡಿಯಲ್ಲಿ, ಊಟ ದಿನಕ್ಕೊಂದು ಮನೆಯಲ್ಲಿ, ಏಳೂ ಬೀದಿಗಳ ಸರದಿಯಂತೆ. ದೊಡ್ಡಸ್ತಿಕೆ ಎಂದಾಗ ದೇಸಾಯಿಯ ಮನಸ್ಸಿನಲ್ಲಿದ್ದದ್ದು ತನ್ನ ಬೇಟೆ, ತನ್ನ ಕುದುರೆ, ತನ್ನ ಮೀಸೆ. ಅದನ್ನು ಬಿಡಿಸಿ ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಹುಲಿಗೆಪ್ಪ ಸರದಿಯಲ್ಲಿ ಒಂದು ಮನೆಯನ್ನೂ ಬಿಡಲಿಲ್ಲ. ಗಾಣಿಗರ ಮನೆಯಲ್ಲಿ ಉಂಡ, ನೇಕಾರರ ಮನೆಯಲ್ಲಿ ಉಂಡ, ಊರ ತುದಿಯ ಚಮ್ಮಾರರ ಮನೆಗೂ ಹೋಗಿ ಪಂಕ್ತಿಯಲ್ಲಿ ಕೂತ. ಒಂದು ಮಧ್ಯಾಹ್ನ ಕುಂಬಾರರ ನಿಂಬೆವ್ವನೆಂಬ ಮುದುಕಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಧಾರಾಳವಾಗಿ ಬಡಿಸಿ, ನೀರನ್ನು ಮಾತ್ರ ಅರ್ಧ ತಂಬಿಗೆ ಇಟ್ಟಳು. “ಸಿಟ್ಟಾಗಬ್ಯಾಡಪಾ. ನಮ್ಮ ಓಣಿ ಬಾವಿ ಕುಸದು ಮೂರು ವರ್ಷಾತು. ಹಳ್ಳದಿಂದ ಹೊತ್ತು ತರಬೇಕು,” ಎಂದಳು. ಚಾವಡಿಗೆ ಹೋಗಿ ಹೇಳಬಾರದೇ ಎಂದು ಅವನು ಕೇಳಿದ್ದಕ್ಕೆ, “ಕಾರಭಾರಿ ಬಾಗಲದಾಗ ಗದರಿಸಿ ಕಳಸ್ತಾನ. ಒಳಗ ಹ್ಯಾಂಗೈತಿ ಅನ್ನೂದನ್ನೂ ನಾವು ಕಂಡಿಲ್ಲ,” ಎಂದು ಬೊಚ್ಚುಬಾಯಲ್ಲಿ ನಕ್ಕಳು.

ಮರುದಿನದಿಂದ ಹುಲಿಗೆಪ್ಪ ಉಂಡ ಮನೆಯವರನ್ನೇ ಗೋಡೆಯ ಮೇಲೆ ಬರೆಯತೊಡಗಿದ. ಕಾರಭಾರಿ ತಡೆಯಲು ಬಂದರೆ, ಪೇಟೆಯ ದೊಡ್ಡಸ್ತಿಕೆ ಇವರೇ ಅಲ್ಲವೇ ಎನ್ನುವನು. ಮೂಗು ಸರಿಯಾಗಿ ಬಂದಿಲ್ಲ, ಕಿವಿಯೋಲೆ ನೆನಪಿಲ್ಲ ಎಂದು ನೆವ ಹೇಳಿ ಒಬ್ಬೊಬ್ಬರನ್ನೇ ಒಳಗೆ ಕರೆಸಿ ಕೂರಿಸುವನು. ದೇಸಾಯಿ ನೇಮಿಸಿದ ಕೆಲಸವಾದ್ದರಿಂದ ಕಾರಭಾರಿ ಬಾಯಿ ಮುಚ್ಚಿಕೊಂಡ. ಹೀಗೆ ಚಾವಡಿಯ ಹೊಸ್ತಿಲು ದಾಟದಿದ್ದ ಜನ ತಂತಮ್ಮ ಮುಖ ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಗಾಣಿಗನು ತನ್ನ ಎತ್ತಿನ ಕೊಂಬು ಚಿಕ್ಕದಾಯಿತೆಂದು ಜಗಳ ತೆಗೆದು ಎರಡು ದಿನ ಹಟ ಹಿಡಿದು ಕೂತನಂತೆ!

ವರ್ಷ ಕಳೆದು ದೇಸಾಯಿ ಮರಳಿದ. ನಾಲ್ಕು ಗೋಡೆಗಳನ್ನೂ ಎರಡು ಸಲ ಸುತ್ತಿದ. ಕುಂಬಾರರು, ಗಾಣಿಗರು, ಎತ್ತು, ನಾಯಿ ಎಲ್ಲ ಇದ್ದರು, ಅವನೊಬ್ಬನೇ ಇರಲಿಲ್ಲ. ಅವನ ಕೈ ಕತ್ತಿಯ ಹಿಡಿಗೆ ಹೋಯಿತು.

“ನನ್ನ ಮಾರಿ ಎಲ್ಲೈತೋ?”

ಹುಲಿಗೆಪ್ಪ ಕೈಮುಗಿದು ಹೇಳಿದ: “ಉಂಡ ಮನಿಯವರನ್ನ ಅಷ್ಟ ಬರದೀನ್ರೀ ಧಣಿ. ನಿಮ್ಮ ಮನ್ಯಾಗ ನಾ ಇನ್ನೂ ಉಂಡಿಲ್ರೀ.”

ನೋಡಲು ನೆರೆದಿದ್ದ ಊರವರ ಹಿಂದಿನ ಸಾಲಿನಲ್ಲಿ ನಿಂಬೆವ್ವ ನಗು ತಡೆಯಲಾರದೆ ಕಿಸಕ್ಕೆಂದಳು. ದೇಸಾಯಿ ತಿರುಗಿ ಅವಳನ್ನು ನೋಡಿದ, ಗೋಡೆಯ ಮೇಲಿದ್ದ ಅದೇ ಬೊಚ್ಚುಬಾಯಿಯನ್ನು ನೋಡಿದ, ಆಮೇಲೆ ತಾನೂ ಹೊಟ್ಟೆ ಹಿಡಿದು ನಕ್ಕ ಎನ್ನುತ್ತಾರೆ. ಮರುದಿನ ಗೋಡೆಯ ಮೇಲಿದ್ದವರೆಲ್ಲ ಚಾವಡಿಯಲ್ಲೇ ಉಣ್ಣಬೇಕೆಂದು ಡಂಗುರ ಹೊಡೆಸಿದ. ಚಿತ್ರಗಾರನಿಗೆ ಮಾತ್ರ ಬಡಿಸಿ ಹೊರಟುಬಿಡಬೇಕೆಂದಿದ್ದವನು, ಪಂಕ್ತಿಯವರು ತಲೆಯೆತ್ತಿ ನೋಡುತ್ತಿದ್ದುದನ್ನು ಕಂಡು ಸೌಟು ಹಿಡಿದು ಮುಂದೆ ನಡೆದ. ನಿಂಬೆವ್ವನ ಎಲೆಯ ಮುಂದೆ ಬಗ್ಗಿ, “ಇನ್ನೇನು ಬೇಕವಾ?” ಎಂದ.

“ಉಣ್ಣಾಕ ಸಾಕ್ರೀ ಧಣಿ. ಬಾವಿ ಬೇಕಾಗೇತಿ.”

ಸಾರು ಸೋರುತ್ತಿದ್ದ ಸೌಟನ್ನು ಹಾಗೇ ಹಿಡಿದು ದೇಸಾಯಿ ಅವಳ ಮಾತು ಮುಗಿಯುವವರೆಗೂ ಕೇಳಿದ. ಆಮೇಲೆ ಪಕ್ಕದವರದ್ದು, ಅವರ ಪಕ್ಕದವರದ್ದು. ಅಂದಿನ ಊಟ ಮುಗಿದದ್ದು ಸಂಜೆಗೆ. ಬಾವಿ ಮತ್ತೆ ತೋಡುವಾಗ ನೀರು ಚಿಮ್ಮುವ ತನಕ ಕಾರಭಾರಿಯೇ ಬಿಸಿಲಲ್ಲಿ ನಿಲ್ಲಬೇಕೆಂದು ಅಪ್ಪಣೆಯಾಯಿತಂತೆ. ಹದಿನೆಂಟು ದಿನ ನಿಂತನಂತೆ.

ಇಂದು ಹೋದವರಿಗೆ ಮೂಡಣ ಗೋಡೆಯಲ್ಲಿ ದೇಸಾಯಿ ಕಾಣುತ್ತಾನೆ. ಗಚ್ಚು ಉದುರಿ ಅವನ ರುಮಾಲು ಹೋಗಿದೆ, ಮೀಸೆ ಅರ್ಧ ಹೋಗಿದೆ. ಕತ್ತಿಯನ್ನಂತೂ ಹುಲಿಗೆಪ್ಪ ಬರೆಯಲೇ ಇಲ್ಲ. ಉಳಿದಿರುವುದು ಕೈಯಲ್ಲಿನ ಸೌಟು ಮತ್ತು ಮುದುಕಿಯೊಬ್ಬಳ ಕಡೆಗೆ ಬಾಗಿಸಿದ ಒಂದು ಕಿವಿ. ಅದರ ಕೆಳಗಿನ ಬೆಂಚಿನಲ್ಲಿ ಜನ ಅರ್ಜಿ ಹಿಡಿದು ಕೂತಿರುತ್ತಾರೆ. ಕುಂಬಾರ ಓಣಿಯವರಾದರೆ ತಮ್ಮ ಸರದಿ ಬರುವ ಮುನ್ನ ಪಕ್ಕದವರಿಗೆ ಮುದುಕಿಯನ್ನು ತೋರಿಸಿ, “ಈಕಿ ನಮ್ಮಾಕಿ,” ಎನ್ನುತ್ತಾರೆ.