ಏಳು ತಿಂಗಳು ಮುಚ್ಚಿಟ್ಟ ವರದಿ

ಒಬ್ಬ ಗುರು, ಒಬ್ಬಳು ಶಿಷ್ಯೆ. ಗುರು ಅಂದ ಕೂಡಲೇ ಗಡ್ಡ, ಜಟೆ, ಪರ್ಣಕುಟಿ ಅಂತ ಕಲ್ಪಿಸಿಕೊಳ್ಳಬೇಡಿ. ಇವರು ವಿಶ್ವವಿದ್ಯಾಲಯದ ಪ್ರೊಫೆಸರರು, ಹೆಸರು ಶಶಿಶೇಖರ. ಶಿಷ್ಯೆ ಅನ್ನಪೂರ್ಣಾ ಹೂಗಾರ, ಗದಗದ ಕಡೆಯ ಹುಡುಗಿ. ಅವಳು ಪಿಎಚ್.ಡಿ.ಗೆ ಹಿಡಿದ ವಿಷಯ ಕರಾವಳಿಯ ಡಾಲ್ಫಿನ್‌ಗಳಿಗೆ ಬರುವ ಸಾಂಕ್ರಾಮಿಕ ರೋಗಗಳು. ಇಬ್ಬರೂ ಬುದ್ಧಿವಂತರು. ಮುಂದೆ ಆದ ಅನಾಹುತ ದಡ್ಡತನದಿಂದ ಆದದ್ದಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಲ್ಲಿಯವರೆಗೆ ಸಮುದ್ರವನ್ನೇ ನೋಡದಿದ್ದ ಆ ಹುಡುಗಿಯನ್ನು ದೋಣಿ ಹತ್ತಿಸಿದವನು ಜಟ್ಟಿ ಅಂಬಿಗ. ಕುಮಟೆಯ ಕಡೆಯ ಒಂದು ಮೀನುಗಾರರ ಕೇರಿಯವನು. ಮೊದಲ ತಿಂಗಳು ಅವಳು ದೋಣಿಯಲ್ಲಿ ವಾಂತಿ ಮಾಡಿದ್ದೇ ಮಾಡಿದ್ದು. ಜಟ್ಟಿ ನಗುತ್ತಿದ್ದ. "ಹೆದರ್ಬೇಡ ತಂಗಿ, ಸಮುದ್ರ ಎಲ್ರಿಗೂ ಮೊದ್ಲು ಹೀಂಗೇ ಮಾಡ್ತದೆ" ಅನ್ನುತ್ತಿದ್ದ. ದಡಕ್ಕೆ ಬಂದರೆ ಅವನ ಹೆಂಡತಿ ಮಾದೇವಿ ಗಂಜಿ ಬಡಿಸಿ ಕೂರಿಸುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು.

ಆ ಕೇರಿಯಲ್ಲಿ ಒಂದು ಪದ್ಧತಿ ಇದೆ. ಡಾಲ್ಫಿನ್ ಸತ್ತು ದಡಕ್ಕೆ ಬಿದ್ದರೆ ಅದನ್ನು ನಾಯಿ, ಕಾಗೆಗೆ ಬಿಡುವುದಿಲ್ಲ. ಮೊದಲು ಕಂಡವರು ಬಾವಿಯ ಸಿಹಿನೀರಿನಲ್ಲಿ ಅದರ ಮೈ ತೊಳೆಯಬೇಕು, ಅರಿಸಿನ ಹಚ್ಚಬೇಕು, ಮರಳಲ್ಲಿ ಹುಗಿಯಬೇಕು. ಎಲ್ಲವೂ ಬರಿಗೈಯಲ್ಲೇ ಆಗಬೇಕು. ಮೀನಿನ ಹಿಂಡನ್ನು ಬಲೆಯ ಕಡೆ ಅಟ್ಟಿಕೊಂಡು ಬರುವ ಪ್ರಾಣಿ ಅದು, ತಮ್ಮ ಜೊತೆ ದುಡಿದದ್ದು ಎಂದು ಅವರ ನಂಬಿಕೆ. ಸತ್ತ ಡಾಲ್ಫಿನ್ ಕೊಯ್ದು ಪರೀಕ್ಷಿಸಲು ಅರಣ್ಯ ಇಲಾಖೆಯ ಅನುಮತಿ ಪತ್ರ ಅನ್ನಪೂರ್ಣಾಳ ಹತ್ತಿರ ಇತ್ತು. ಹಾಗಾಗಿ ಜಟ್ಟಿ ಅವಳಿಗೆ ಫೋನ್ ಮಾಡಿ, ಅವಳು ಬಂದು ರಕ್ತ, ಮಾಂಸದ ಚೂರು ತೆಗೆದುಕೊಂಡ ಮೇಲೆಯೇ ಹುಗಿಯುತ್ತಿದ್ದ. ಅವಳು ಕೊಯ್ಯುವಾಗ ಹೆಣ ಹೊರಳದಂತೆ ಹಿಡಿದುಕೊಳ್ಳುತ್ತಿದ್ದವನೂ ಅವನೇ. ಅವಳ ಕೈಗೆ ಮೊಣಕೈವರೆಗೆ ಗ್ಲೌಸ್. ಅವನ ಕೈಯಲ್ಲಿ ಬಲೆಯ ಹಗ್ಗ ಕೊರೆದ ಹಸಿ ಗಾಯ.

ಆ ವರ್ಷ ಮಳೆಗಾಲ ಮುಗಿಯುವಾಗ ಒಂದರ ಹಿಂದೊಂದು ನಾಲ್ಕು ಡಾಲ್ಫಿನ್ ಸತ್ತು ಬಿದ್ದವು. ಪ್ರಯೋಗಾಲಯದಿಂದ ವರದಿ ಬಂತು. ನಾಲ್ಕರಲ್ಲೂ ಒಂದೇ ರೋಗಾಣು. ಗಾಯದ ಮೂಲಕ ಮನುಷ್ಯರಿಗೂ ದಾಟಬಲ್ಲ ರೋಗಾಣು ಅದು.

ಅನ್ನಪೂರ್ಣಾ ವರದಿ ಹಿಡಿದು ಗುರುಗಳ ಕೋಣೆಗೆ ಓಡಿದಳು.

"ಸರ್, ದಂಡೀ ಮ್ಯಾಲಿನ ಮಂದಿಗೆ ಇವತ್ತೇ ಹೇಳಬೇಕ್ರಿ. ಅವರು ಬರಿಗೈಲೆ ಮುಟ್ತಾರ."

ಪ್ರೊಫೆಸರರು ವರದಿಯನ್ನು ಎರಡು ಸಲ ಓದಿದರು. ಅವರ ಮುಖ ಅರಳಿತು. ನಾಲ್ಕು ಪ್ರಾಣಿ ಸತ್ತದ್ದಕ್ಕೆ ಮುಖ ಅರಳಿತು, ತಿಳಿಯಿತೇ?

"ಯಾರಿಗೂ ಹೇಳಬೇಡ. ಈ ಕರಾವಳಿಯಲ್ಲಿ ಇದನ್ನು ಕಂಡುಹಿಡಿದವರಲ್ಲಿ ನಾವೇ ಮೊದಲು. ನೀನು ಅಲ್ಲಿ ಬಾಯಿ ಬಿಟ್ಟರೆ ನಾಡಿದ್ದು ಪತ್ರಿಕೆಯಲ್ಲಿ ಬರುತ್ತದೆ. ಇನ್ಯಾರೋ ನಮಗಿಂತ ಮೊದಲು ಪ್ರಬಂಧ ಪ್ರಕಟಿಸುತ್ತಾರೆ. ನಿನ್ನ ಮೂರು ವರ್ಷ ನೀರುಪಾಲು."

"ಆದ್ರೂ ಸರ್..."

"ಪ್ರಕಟ ಆಗಲಿ. ಆಮೇಲೆ ಬೇಕಾದರೆ ಡಂಗುರ ಹೊಡೆಸು."

ಇಲ್ಲಿ ಅವಳ ಮುಂದೆ ಎರಡು ದಾರಿ ಇದ್ದವು. ಒಂದು ಫೋನ್ ಮಾಡಿ "ಜಟ್ಟಿಯಣ್ಣ, ಬರಿಗೈಲೆ ಮುಟ್ಟಬ್ಯಾಡ" ಅನ್ನುವುದು. ಅರ್ಧ ನಿಮಿಷದ ಕೆಲಸ. ಅವಳು ಇನ್ನೊಂದನ್ನು ಹಿಡಿದಳು. ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಗುರುಗಳ ಮಾತು ಮೀರಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಪದವಿ ತಪ್ಪಬಾರದು ಅನ್ನುವುದೂ ಮನಸ್ಸಿನಲ್ಲಿತ್ತು. ಅದನ್ನು ಮಾತ್ರ ತನಗೂ ಹೇಳಿಕೊಳ್ಳಲಿಲ್ಲ.

ಎರಡು ತಿಂಗಳಿಗೆ ಜಟ್ಟಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಜ್ವರ, ಬೆಳಗಾದರೆ ಮೈಯೆಲ್ಲ ಬೆವರು. ಮಲೇರಿಯಾ ಅಂದರು, ಔಷಧಿ ಕೊಟ್ಟರು. ಟೈಫಾಯಿಡ್ ಅಂದರು, ಅದಕ್ಕೂ ಕೊಟ್ಟರು. ಜ್ವರ ಬಿಡಲಿಲ್ಲ. ಆಮೇಲೆ ಸೊಂಟಕ್ಕೆ ನೋವು ಇಳಿಯಿತು. ಬಲೆ ಎಳೆಯುವ ಮನುಷ್ಯ ಚಾಪೆ ಬಿಟ್ಟು ಏಳಲು ಗೋಡೆ ಹಿಡಿಯುವಂತಾಯಿತು. ಪಾಪ, ಅವನು ಬೈದುಕೊಂಡದ್ದು ತನ್ನನ್ನೇ. "ಹುಗಿಯೂವಾಗ ನಾನೇ ಎಂತದೋ ತಪ್ಪು ಮಾಡ್ದೆ, ಅದ್ಕೇ ಹೀಂಗಾಯ್ತು" ಅಂದುಕೊಂಡು ದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟ.

ಮಾದೇವಿ ಅನ್ನಪೂರ್ಣಾಳ ಕೈ ಹಿಡಿದು ಕೇಳಿದಳು. "ತಂಗಿ, ನೀನು ಓದ್ದವಳು. ಇದು ಎಂತ ಜ್ವರ ಹೇಳು."

ಅನ್ನಪೂರ್ಣಾ ನೆಲ ನೋಡಿದಳು. "ಗೊತ್ತಿಲ್ರೀ ಅಕ್ಕಾ" ಅಂದಳು.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಪ್ರೊಫೆಸರರು ಆ ಮನೆಯ ಗಂಜಿ ಉಂಡವರಲ್ಲ, ಅವರಿಗೆ ಜಟ್ಟಿ ಯಾರೋ ಏನೋ. ಅವಳು ಉಂಡಿದ್ದಳು. ಉಂಡ ಬಾಯಲ್ಲೇ ಗೊತ್ತಿಲ್ಲ ಅಂದಳು. ಮಕ್ಕಳೇ, ನಿಮ್ಮ ಅಪ್ಪ ಅಮ್ಮ ಇದನ್ನು ಹತ್ತು ವಾಟ್ಸಾಪ್ ಗುಂಪಿಗೆ ಕಳಿಸಿ ಕೈತೊಳೆದುಕೊಳ್ಳುವ ಮೊದಲು, ಈ ಸಾಲನ್ನು ಇನ್ನೊಮ್ಮೆ ಓದಲು ಹೇಳಿ.

ಏಳನೆಯ ತಿಂಗಳು ಮತ್ತೊಂದು ಡಾಲ್ಫಿನ್ ಬಿತ್ತು. ಜಟ್ಟಿ ಏಳುವ ಸ್ಥಿತಿಯಲ್ಲಿ ಇರಲಿಲ್ಲ. ಗಂಡ ನಡೆಸಿಕೊಂಡು ಬಂದದ್ದು ನಿಲ್ಲಬಾರದು ಎಂದು ಮಾದೇವಿಯೇ ಅನ್ನಪೂರ್ಣಾಳಿಗೆ ಫೋನ್ ಮಾಡಿ, ಸಿಹಿನೀರಿನ ಕೊಡ ಹೊತ್ತು ಹೋದಳು. ಅನ್ನಪೂರ್ಣಾ ತನ್ನ ಪೆಟ್ಟಿಗೆ ಹಿಡಿದು ಅಲ್ಲಿಗೆ ಬರುವಾಗ ಮಾದೇವಿ ಮರಳಲ್ಲಿ ಕೂತು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಮೀನು ಕೊಯ್ಯುವಾಗ ಕತ್ತಿ ತಾಗಿ ಅವಳ ಹೆಬ್ಬೆರಳು ಸೀಳಿತ್ತು. ಆ ಕೈ ಡಾಲ್ಫಿನ್ನಿನ ಮೈಯ ಕಡೆ ಹೋಯಿತು.

"ಮುಟ್ಟಬ್ಯಾಡ್ರಿ ಅಕ್ಕಾ. ಅದರಾಗ ರೋಗ ಐತಿ. ಜಟ್ಟಿಯಣ್ಣಗ ಬಂದದ್ದೂ ಅದೇ ಇರಬೇಕ್ರಿ."

ಮಾದೇವಿ ಕೈ ಹಿಂದಕ್ಕೆ ತೆಗೆದಳು.

"ಯಾವಾಗ ಗೊತ್ತಾಯ್ತು ನಿಂಗೆ?"

"ಏಳು ತಿಂಗಳಾತ್ರಿ."

"ಏಳು ತಿಂಗ್ಳು" ಅಂದಳು ಮಾದೇವಿ. "ನಾನು ಕೇಳ್ದಾಗ ಗೊತ್ತಿತ್ತು."

ಅನ್ನಪೂರ್ಣಾ ಹೌದು ಎಂದು ತಲೆಯಾಡಿಸಿದಳು. ಮಾದೇವಿ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಅದೇ ದಿನ ಅನ್ನಪೂರ್ಣಾ ವರದಿ ತಂದು ಜಟ್ಟಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದಳು. ಡಾಕ್ಟರು ವರದಿ ನೋಡಿದರು, ಅದಕ್ಕೆ ತಕ್ಕ ರಕ್ತಪರೀಕ್ಷೆ ಮಾಡಿಸಿದರು. ಅದೇ ರೋಗ. ಸರಿಯಾದ ಮಾತ್ರೆ ಸಿಕ್ಕಿದ ಮೇಲೆ ಜ್ವರ ಇಳಿಯಿತು. ಆದರೆ ರೋಗ ಬೆನ್ನುಮೂಳೆಗೆ ಹೋಗಿಬಿಟ್ಟಿತ್ತು. ಮೊದಲೇ ಬಂದಿದ್ದರೆ ಬೆನ್ನು ಉಳಿಯುತ್ತಿತ್ತು ಎಂದರು ಡಾಕ್ಟರು. ಮಂಚದ ಮೇಲಿದ್ದ ಜಟ್ಟಿ ಅವಳ ಕಡೆ ತಿರುಗಿ ಕೇಳಿದ್ದು ಇಷ್ಟೇ. "ನಾನು ಮತ್ತೆ ಬಲೆ ಎಳೀಬಹುದಾ ಮೇಡಂ?" ತಂಗಿ ಅನ್ನಲಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಮಾದೇವಿ ಕೇಳಿದಳು. "ನಿನ್ನ ಪುಸ್ತಕದಲ್ಲಿ ನಮ್ಮ ಹೆಸ್ರು ಬರೀತೀಯಾ?"

"ಬರೀತೀನ್ರಿ ಅಕ್ಕಾ. ಉಪಕಾರ ಮಾಡಿದೋರು ಅಂತ ಮೊದಲನೇ ಪುಟದಾಗ ಬರೀತೀನಿ."

"ಹಂಗಾರೆ ಏಳು ತಿಂಗ್ಳು ಅಂಬುದೂ ಬರಿ."

ಅವಳು ಬರೆದಳು. ಈ ಒಂದು ಕೆಲಸಕ್ಕೆ ಅವಳನ್ನು ಮೆಚ್ಚುತ್ತೇನೆ, ಆದರೆ ಸಿಟ್ಟು ಇಳಿದಿಲ್ಲ. ಪಿಎಚ್.ಡಿ. ಪ್ರಬಂಧದ ಮೊದಲ ಪುಟದಲ್ಲಿ ಹೀಗಿದೆ: "ಈ ರೋಗ ಮನುಷ್ಯರಿಗೆ ದಾಟುತ್ತದೆ ಎಂದು ನಮಗೆ ತಿಳಿದ ಮೇಲೂ ಏಳು ತಿಂಗಳವರೆಗೆ ಜಟ್ಟಿ ಅಂಬಿಗರಿಗೆ ತಿಳಿಸಲಿಲ್ಲ. ಅವರು ಈಗ ದೋಣಿ ಹತ್ತಲಾರರು."

ಪ್ರೊಫೆಸರರು ಆ ಪುಟ ಓದಿ ಕೆಂಪಾದರು. "ಈ ಸಾಲು ತೆಗಿ. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ."

"ತೆಗೆಯೋದಿಲ್ರಿ ಸರ್. ಜಟ್ಟಿಯಣ್ಣನ ಬೆನ್ನು ನೆಟ್ಟಗಾದ ದಿನ ತೆಗೀತೀನಿ."

ಪ್ರಬಂಧ ಇವತ್ತಿಗೂ ಅವರ ಮೇಜಿನ ಮೇಲೇ ಇದೆ. ಸಹಿ ಬಿದ್ದಿಲ್ಲ. ಸಾಲೂ ಹೋಗಿಲ್ಲ.

ನೀತಿ: ಒಬ್ಬರ ಜೀವಕ್ಕೆ ಬೇಕಾದ ವಿಷಯ ನಿಮಗೆ ಗೊತ್ತಾದರೆ, ಗೊತ್ತಾದ ದಿನವೇ ಅವರಿಗೆ ಹೇಳಿ. ಗುರು ಬೇಡ ಅಂದರೂ ಹೇಳಿ, ಪದವಿ ಹೋದರೂ ಹೇಳಿ. ಹೆಸರು ಬರಲಿ ಎಂದು ಬಚ್ಚಿಟ್ಟ ವಿದ್ಯೆಗೆ ಕಳ್ಳತನ ಎಂದೇ ಹೆಸರು. ಆಮೇಲೆ ತಪ್ಪೊಪ್ಪಿಕೊಳ್ಳುವುದು ಒಳ್ಳೆಯದೇ, ಆದರೆ ಅದರಿಂದ ಯಾರ ಬೆನ್ನೂ ನೆಟ್ಟಗಾಗುವುದಿಲ್ಲ.